ಸೋಪಿನ ಜಾಡು ಹಿಡಿದು

ಅಕ್ಟೋಬರ್ ಬಂತೆಂದರೆ ನನ್ನ ಎಂ.ಬಿ.ಎ. ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಮ್ಯಾಂಚೆಸ್ಟರಿನಿಂದ ಪಶ್ಚಿಮಕ್ಕೆ ಹೊರಡುತ್ತೇನೆ. ಬೆಳಿಗ್ಗೆ ಒಂದು ಸಣ್ಣ ಸೋಪಿನ ಕಾರ್ಖಾನೆ, ಮಧ್ಯಾಹ್ನ ಪೋರ್ಟ್ ಸನ್‌ಲೈಟ್ ಎಂಬ ಊರು. ನಾನು ಕಲಿಸುವ ವಿಷಯಕ್ಕೆ ಆಪರೇಷನ್ಸ್ ಎಂದು ಹೆಸರು. ಸರಕು ಯಾವ ಯಂತ್ರದ ಮುಂದೆ ಎಷ್ಟು ಹೊತ್ತು ಕಾಯಿತು, ಎಷ್ಟು ಹಾಳಾಯಿತು, ಯಾರ ಕೈ ಖಾಲಿ ಕೂತಿತ್ತು ಎಂಬ ಲೆಕ್ಕ ಅಷ್ಟೆ. ಮದುವೆಮನೆಯ ಅಡುಗೆ ಭಟ್ಟರನ್ನು ನೋಡುತ್ತ ನಮ್ಮಮ್ಮ ಹಾಕುತ್ತಿದ್ದ ಲೆಕ್ಕವೂ ಅದೇ. ಅವಳಿಗೆ ಯಾರೂ ಸಂಬಳ ಕೊಡಲಿಲ್ಲ.

ಕಾರ್ಖಾನೆಯಲ್ಲಿ ಸೋಪನ್ನು ಕುದಿಸುವುದಿಲ್ಲ. ತುಂಡು ಶ್ಯಾವಿಗೆಯಂಥ ಬಿಳಿ ಸೋಪಿನ ಎಳೆಗಳು ಚೀಲಗಳಲ್ಲಿ ಬರುತ್ತವೆ. ಅದಕ್ಕೆ ಬಣ್ಣ, ಪರಿಮಳ ಬೆರೆಸಿ, ಉರುಳೆಗಳ ನಡುವೆ ಅರೆದು ಯಂತ್ರದ ಬಾಯಿಗೆ ತುಂಬುತ್ತಾರೆ. ಚಕ್ಕುಲಿ ಒರಳಿನಿಂದ ಹಿಟ್ಟು ಇಳಿಯುವಂತೆ ಉದ್ದದ ಸೋಪು ಹೊರಬರುತ್ತದೆ. ಕತ್ತರಿಸು, ಅಚ್ಚೊತ್ತು, ಕಾಗದ ಸುತ್ತು. ವಿದ್ಯಾರ್ಥಿಗಳು ಗಡಿಯಾರ ಹಿಡಿದು ನಾನು ಕೊಟ್ಟ ನಮೂನೆ ತುಂಬುತ್ತಾರೆ. ಆ ನಮೂನೆಯ ಮೊದಲ ಸಾಲು: 'ಗೇಟಿಗೆ ಸರಕು ಬಂದ ಸಮಯ.'

ಕಳೆದ ಬಾರಿ ಲೀಡ್ಸಿನ ಹುಡುಗಿಯೊಬ್ಬಳು ಆ ಎಳೆಗಳನ್ನು ಬೊಗಸೆಯಲ್ಲಿ ಹಿಡಿದು, ಇವು ಎಲ್ಲಿಂದ ಬರುತ್ತವೆ ಎಂದು ಕೇಳಿದಳು. ಮಲೇಷ್ಯಾದಿಂದ, ತಾಳೆ ಎಣ್ಣೆಯದ್ದು ಎಂದ ಮೇಸ್ತ್ರಿ. ಅದಕ್ಕೂ ಮುಂಚೆ? ಅವನು ನನ್ನ ಮುಖ ನೋಡಿದ. ಇಪ್ಪತ್ತು ವರ್ಷದಿಂದ ನಾನೇ ಕೇಳದ ಪ್ರಶ್ನೆ ಅದು.

ಕಾರ್ಖಾನೆ ನೋಡಲು ಹೋಗುವ ಚಾಳಿ ಈ ದೇಶದಲ್ಲಿ ಹಳೆಯದು. 1760ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಬಳಿ ಮ್ಯಾಥ್ಯೂ ಬೋಲ್ಟನ್ ಕಟ್ಟಿದ ಸೋಹೋ ಕಾರ್ಖಾನೆಯಲ್ಲಿ ಗುಂಡಿ, ಬಕಲ್ಲು, ಬೆಳ್ಳಿ ಸಾಮಾನು ತಯಾರಾಗುತ್ತಿದ್ದವು. ಯುರೋಪಿನ ಗಣ್ಯರೆಲ್ಲ ಬಂದು ನೋಡುತ್ತಿದ್ದರು. ಆಮೇಲೆ, ಬಂದವರು ನೋಡಿಕೊಂಡು ಹೋಗಿ ನಕಲು ಮಾಡುತ್ತಾರೆಂದು ಬಾಗಿಲು ಮುಚ್ಚಿದರು. ಕುಶಲಕರ್ಮಿಗಳು ದೇಶ ಬಿಟ್ಟು ಹೋಗಬಾರದೆಂಬ ಕಾನೂನು 1824ರವರೆಗೂ, ಅನೇಕ ಬಗೆಯ ಯಂತ್ರಗಳನ್ನು ಹೊರಗೆ ಕಳಿಸಬಾರದೆಂಬ ಕಾನೂನು 1843ರವರೆಗೂ ಇತ್ತು. ಇಂದು ನಾವು ಪ್ರವಾಸ ಎಂದು ಕರೆಯುವುದನ್ನು ಅಂದು ಕಳ್ಳತನ ಎನ್ನುತ್ತಿದ್ದರು.

ಪೋರ್ಟ್ ಸನ್‌ಲೈಟ್ ಮಾತ್ರ ನೋಡಲಿ ಎಂದೇ ಕಟ್ಟಿದಂತಿದೆ. ವಿಲಿಯಂ ಲೀವರ್ ಬೋಲ್ಟನ್ ಪಟ್ಟಣದ ದಿನಸಿ ವ್ಯಾಪಾರಿಯ ಮಗ. ಆಗ ಅಂಗಡಿಯವರು ಉದ್ದದ ಬಾರು ಸೋಪನ್ನು ತುಂಡು ಮಾಡಿ ತೂಕಕ್ಕೆ ಮಾರುತ್ತಿದ್ದರು. ಚಿಕ್ಕಂದಿನಲ್ಲಿ ನಮ್ಮೂರ ಶೆಟ್ಟರ ಅಂಗಡಿಯಲ್ಲಿ ನಾನೂ ಅದನ್ನು ಕಂಡಿದ್ದೇನೆ. ಲೀವರ್ ಅದನ್ನು ಮೊದಲೇ ಬಿಲ್ಲೆ ಮಾಡಿ, ಕಾಗದ ಸುತ್ತಿ, ಸನ್‌ಲೈಟ್ ಎಂದು ಹೆಸರಿಟ್ಟ. ದನದ ಕೊಬ್ಬು ಕಡಿಮೆ, ಕೊಬ್ಬರಿ ಮತ್ತು ಹತ್ತಿಬೀಜದ ಎಣ್ಣೆ ಹೆಚ್ಚು. ಹಾಗಾಗಿ ನೊರೆ ಚೆನ್ನಾಗಿ ಬರುತ್ತಿತ್ತು. 1888ರಲ್ಲಿ ಮರ್ಸಿ ನದಿಯ ದಡದ ಜವುಗು ಭೂಮಿಯಲ್ಲಿ ಕಾರ್ಖಾನೆ, ಅದರ ಪಕ್ಕದಲ್ಲೇ ಕೆಲಸಗಾರರ ಊರು ಶುರುವಾಯಿತು. ಅದೇ ವರ್ಷ ಸನ್‌ಲೈಟ್ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿಗೂ ಬಂದಿಳಿದವು. ಊರಿನ ಸುಮಾರು 900 ಮನೆಗಳು ಇಂದಿಗೂ ಬೊಂಬೆಮನೆಗಳಂತೆ ನಿಂತಿವೆ. ಲಾಭದ ಪಾಲನ್ನು ದುಡ್ಡಾಗಿ ಕೊಡುವುದಕ್ಕಿಂತ ಮನೆ, ತೋಟ, ಶಾಲೆಯಾಗಿ ಕೊಡುವುದು ಮೇಲೆಂಬುದು ಅವನ ವಾದ. ಪಾಲು ಯಾರದೋ, ಖರ್ಚು ಹೇಗೆಂದು ನಿರ್ಧರಿಸುವವನು ಇವನು! ಆದರೂ ಆ ಕಾಲದ ಲಿವರ್‌ಪೂಲಿನ ಕೊಳಚೆ ಓಣಿಗಳನ್ನು ನೆನೆದರೆ ಲೀವರನನ್ನು ಪೂರ್ತಿ ಬೈಯಲೂ ಮನಸ್ಸಾಗುವುದಿಲ್ಲ.

ಹುಡುಗಿಯ 'ಅದಕ್ಕೂ ಮುಂಚೆ' ಎಂಬ ಪ್ರಶ್ನೆಗೆ ಉತ್ತರ ಈ ಊರಿನ ಯಾವ ಹೂದೋಟದಲ್ಲೂ ಇಲ್ಲ. ಕಾರ್ಖಾನೆ ಬೆಳೆದಂತೆ ಎಣ್ಣೆ ಸಾಲದಾಯಿತು. 1911ರಲ್ಲಿ ಲೀವರ್ ಬೆಲ್ಜಿಯಂ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ಕಾಂಗೋದಲ್ಲಿ ಅಪಾರ ತಾಳೆಕಾಡಿನ ಹಕ್ಕು ಪಡೆದ. ಅಲ್ಲೂ ಒಂದು ಊರು ಎದ್ದಿತು, ಲೀವರ್‌ವಿಲ್ ಎಂದು. ಎತ್ತರದ ಮರ ಹತ್ತಿ ಗೊನೆ ಇಳಿಸುವುದಕ್ಕೆ ಜನ ಒಪ್ಪದಿದ್ದಾಗ ವಸಾಹತು ಆಡಳಿತ ತೆರಿಗೆ ಮತ್ತು ದಂಡನೆಯ ಬಲದಿಂದ ದುಡಿಸಿತು. 1930ರ ಹೊತ್ತಿನ ಆರ್ಥಿಕ ಕುಸಿತದಲ್ಲಿ ಹಣ್ಣಿನ ಬೆಲೆ ಇಳಿಯಿತು, ತೆರಿಗೆ ಇಳಿಯಲಿಲ್ಲ. 1931ರಲ್ಲಿ ಪೆಂಡೆ ಜನ ದಂಗೆ ಎದ್ದರು. ನೂರಾರು ಮಂದಿ ಸತ್ತರು. ಮರ್ಸಿಯ ದಡದಲ್ಲಿ ಗಡಿಯಾರ ಹಿಡಿದು ಎಷ್ಟು ಹೊತ್ತು ನಿಂತರೂ ಇದು ಕಣ್ಣಿಗೆ ಬೀಳುವುದಿಲ್ಲ.

ಇದನ್ನೆಲ್ಲ ಹೇಳುತ್ತಿದ್ದಾಗ ನನಗೆ ನನ್ನದೇ ಪ್ರವಾಸ ನೆನಪಾಯಿತು. 1994ರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದಾಗ ನಮ್ಮನ್ನು ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆಗೆ ಕರೆದೊಯ್ದಿದ್ದರು. ಈಗ ಅಲ್ಲಿನ ಮೆಟ್ರೋ ನಿಲ್ದಾಣಕ್ಕೂ ಸೋಪಿನದೇ ಹೆಸರು. ಅಂದು ನನ್ನ ಟಿಪ್ಪಣಿಯಲ್ಲಿ ಬರೆದದ್ದು ಯಂತ್ರಗಳ ಹೆಸರು, ಪಾಳಿಗಳ ಸಮಯ. ಆ ಸೋಪು ಹುಟ್ಟಿದ ಕಥೆಯನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕಥೆ ಶುರುವಾಗುವುದು ಮಾರಾಟವಾಗದೆ ಉಳಿದ ಮರದಿಂದ. ಮೈಸೂರಿನ ಶ್ರೀಗಂಧ ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಬಂದು ದಾರಿ ಮುಚ್ಚಿತು. ಕೊರಡುಗಳು ಇಲ್ಲೇ ರಾಶಿ ಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರು ದಿವಾನರು. 1916ರಲ್ಲಿ ಮೈಸೂರಿನಲ್ಲಿ ಎಣ್ಣೆ ತೆಗೆಯುವ ಕಾರ್ಖಾನೆ ಬಂತು. ಎಣ್ಣೆ ಇದ್ದಮೇಲೆ ಸೋಪು ಏಕಾಗಬಾರದು? ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗಗಳಾದವು. ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ತರುಣ ರಸಾಯನಶಾಸ್ತ್ರಜ್ಞರನ್ನು ಸೋಪಿನ ವಿದ್ಯೆ ಕಲಿತು ಬರಲು ಇಂಗ್ಲೆಂಡಿಗೆ ಕಳಿಸಿದರು. ಜನ ಅವರನ್ನು ಆಮೇಲೆ 'ಸೋಪ್ ಶಾಸ್ತ್ರಿ' ಎಂದೇ ಕರೆದರು. ಕಲಿಯಲೆಂದು ನಮ್ಮವರೊಬ್ಬರು ನನಗಿಂತ ಬಹಳ ಮುಂಚೆ ಇದೇ ನೆಲಕ್ಕೆ ಬಂದಿದ್ದರು. ಅವರು ನೋಡಿದ್ದನ್ನು ಊರಿಗೆ ಒಯ್ದರು. ನಾನು ಇಲ್ಲೇ ಉಳಿದೆ.

ಸಂಜೆ ಬಸ್ಸಿಗೆ ಕಾಯುವಾಗ ಚೀಲದಲ್ಲಿದ್ದ ಸ್ಯಾಂಡಲ್ ಸೋಪಿನ ಡಬ್ಬಿಯನ್ನು ಆ ಹುಡುಗಿಯ ಕೈಗಿಟ್ಟೆ. ಅವಳು ಮೂಸಿ ನೋಡಿ, ಆನೆಯ ತಲೆ, ಸಿಂಹದ ಮೈಯ ಮುದ್ರೆಯ ಮೇಲೆ ಬೆರಳಾಡಿಸಿ, ಈ ಮರಗಳನ್ನು ನೆಟ್ಟವರು ಯಾರು ಎಂದಳು.

ಹಕ್ಕಿಗಳು, ಎಂದೆ. ಹಕ್ಕಿ ಹಣ್ಣು ತಿಂದು ಬೇಲಿಯ ಬುಡದಲ್ಲಿ ಬೀಜ ಉದುರಿಸುತ್ತದೆ. ಗಿಡ ಪಕ್ಕದ ಬೇರುಗಳಿಂದ ಆಹಾರ ಹೀರಿ ಬೆಳೆಯುತ್ತದೆ. ಹುಣಸೂರಿನ ಕಡೆ ನಮ್ಮಜ್ಜನ ಹೊಲದ ಬೇಲಿಯಲ್ಲೂ ಹೀಗೆ ಹುಟ್ಟುತ್ತಿತ್ತು. ಅಜ್ಜ ಕಂಡ ಕಂಡಲ್ಲಿ ಕಿತ್ತು ಹಾಕುತ್ತಿದ್ದರು. 1792ರಲ್ಲಿ ಟಿಪ್ಪು ಶ್ರೀಗಂಧವನ್ನು ರಾಜಮರವೆಂದು ಸಾರಿದಂದಿನಿಂದ ಅದು ಯಾರ ಜಮೀನಿನಲ್ಲಿ ಬೆಳೆದರೂ ದೊರೆಯದು, ಆಮೇಲೆ ಸರ್ಕಾರದ್ದು. ಕಡಿಯುವಂತಿಲ್ಲ, ಮಾರುವಂತಿಲ್ಲ, ರಾತ್ರಿ ಕಳ್ಳರು ಕಡಿದರೆ ಕೇಸು ತನ್ನ ತಲೆಗೇ ಬರುತ್ತದೆಂಬ ಭಯ ಬೇರೆ. 'ನಮ್ಮದಲ್ಲದ ಮರಕ್ಕೆ ನಾವ್ಯಾಕಪ್ಪಾ ಕಾವಲು?' ಎನ್ನುತ್ತಿದ್ದರು. 2001ರಲ್ಲಿ ಕಾನೂನು ತಿದ್ದಿ ಮರವನ್ನು ಜಮೀನಿನ ಒಡೆಯನದೆಂದು ಮಾಡಿದರು. ಈಗ ಸೋಪಿನ ಸಂಸ್ಥೆಯೇ ಶ್ರೀಗಂಧ ಬೆಳೆಸಿ ಎಂದು ರೈತರನ್ನು ಕೇಳುತ್ತಿದೆ. ಅಜ್ಜ ಅಷ್ಟರಲ್ಲಿ ತೀರಿಕೊಂಡಿದ್ದರು.

ಎಷ್ಟು ಗಿಡ ಕಿತ್ತಿರಬಹುದು ಎಂದು ಕೇಳಿದಳು. ಎಣಿಸಿದವರಿಲ್ಲ ಎಂದೆ. ಅಷ್ಟರಲ್ಲಿ ಬಸ್ಸು ಬಂತು.

ಈ ವರ್ಷದ ನಮೂನೆಯಲ್ಲಿ 'ಗೇಟಿಗೆ ಸರಕು ಬಂದ ಸಮಯ' ಎಂಬ ಸಾಲಿನ ಮೇಲೆ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ.