ವಯಸ್ಕರ ದೀಕ್ಷಾಸ್ನಾನ: ಸ್ವಂತ ಬಾಯಿಂದ ಉತ್ತರ ಕೊಡುವ ಸಂಸ್ಕಾರ

ಕ್ರೈಸ್ತ ಧರ್ಮವನ್ನು ಪ್ರವೇಶಿಸುವ ಮೊದಲ ಸಂಸ್ಕಾರಕ್ಕೆ ದೀಕ್ಷಾಸ್ನಾನ ಎಂದು ಹೆಸರು. ಜ್ಞಾನಸ್ನಾನ ಎಂದೂ ಕರೆಯುವುದುಂಟು. ಹೆಚ್ಚಿನ ಕ್ರೈಸ್ತ ಮನೆಗಳಲ್ಲಿ ಇದು ಹಸುಗೂಸಿಗೆ ನಡೆಯುತ್ತದೆ. ಗುರುಗಳ ಪ್ರಶ್ನೆಗಳಿಗೆ ಹೆತ್ತವರು ಉತ್ತರಿಸುತ್ತಾರೆ. ವಯಸ್ಕರ ದೀಕ್ಷಾಸ್ನಾನದಲ್ಲಾದರೋ ಉತ್ತರ ದೀಕ್ಷೆ ಪಡೆಯುವವರದೇ. ಅದರ ಪರಿಣಾಮಗಳ ಭಾರವೂ ಅವರದೇ.

ಬೇರೆ ಬೇರೆ ಪದ್ಧತಿ

ನರಿಮೊಗರು ಸೇರಿದ ಪುತ್ತೂರು ತಾಲ್ಲೂಕು ಹಾಗೂ ನೆರೆಯ ಕಡಬ, ಸುಳ್ಯಗಳಲ್ಲಿ ಕೊಂಕಣಿ ಮಾತನಾಡುವ ಕಥೋಲಿಕರ ಜೊತೆಗೆ ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರೂ ಇದ್ದಾರೆ. ಪುತ್ತೂರು 2010ರಲ್ಲಿ ಸಿರೋ ಮಲಂಕರ ಧರ್ಮಪ್ರಾಂತದ ಕೇಂದ್ರವಾಯಿತು. ಈ ಪೌರಸ್ತ್ಯ ಸಂಪ್ರದಾಯದಲ್ಲಿ ಶಿಶುವಿಗೇ ಸ್ನಾನ, ತೈಲಾಭಿಷೇಕ, ಪರಮಪ್ರಸಾದ ಮೂರೂ ಒಟ್ಟಿಗೆ ದೊರೆಯುತ್ತವೆ.

ಲ್ಯಾಟಿನ್ ಕಥೋಲಿಕರಲ್ಲಿ ವಯಸ್ಕರಿಗೆ ದೀರ್ಘ ಸಿದ್ಧತೆ ಕಡ್ಡಾಯ. ಎರಡನೇ ವ್ಯಾಟಿಕನ್ ಮಹಾಸಭೆಯ ಆಶಯದಂತೆ 1972ರಲ್ಲಿ ಪ್ರಕಟವಾದ ವಿಧಿಯ ಪ್ರಕಾರ ದೀಕ್ಷಾರ್ಥಿಯು ಹಂತಹಂತವಾಗಿ ಸಾಗಿ, ಸಾಮಾನ್ಯವಾಗಿ ಈಸ್ಟರ್ ಹಬ್ಬದ ಮುನ್ನಾ ರಾತ್ರಿಯ ಜಾಗರಣೆಯಲ್ಲಿ ದೀಕ್ಷೆ ಪಡೆಯುತ್ತಾನೆ. ದಕ್ಷಿಣ ಭಾರತ ಸಭೆಯಲ್ಲಿ ಶೈಶವದಲ್ಲೇ ದೀಕ್ಷೆಯಾದವರು ದೊಡ್ಡವರಾದ ಮೇಲೆ ದೃಢೀಕರಣದ ವೇಳೆ ಸ್ವತಃ ನಂಬಿಕೆಯನ್ನು ಸಾರುತ್ತಾರೆ.

ಬ್ಯಾಪ್ಟಿಸ್ಟ್ ಹಾಗೂ ಪೆಂಟೆಕೋಸ್ಟಲ್ ಸಭೆಗಳು ತಿಳಿವಳಿಕೆ ಬಂದವರನ್ನು ಮಾತ್ರ ನೀರಿನಲ್ಲಿ ಪೂರ್ಣ ಮುಳುಗಿಸುತ್ತವೆ. ಶಿಶುಸ್ನಾನವನ್ನು ಸಾಮಾನ್ಯವಾಗಿ ಮಾನ್ಯ ಮಾಡುವುದಿಲ್ಲ. ಈ ವಾದ 1525ರಲ್ಲಿ ಜ್ಯೂರಿಕ್ ನಗರದಲ್ಲಿ ಕಾಣಿಸಿಕೊಂಡಿತು. ಇತ್ತ ಕಥೋಲಿಕ ಸಭೆ ಒಮ್ಮೆ ವಿಧಿವತ್ತಾಗಿ ದೀಕ್ಷೆ ಪಡೆದವರಿಗೆ ಮತ್ತೆ ಸ್ನಾನ ಮಾಡಿಸುವುದಿಲ್ಲ.

ಮಂಗಳೂರಿನ 1844

ಜಿಲ್ಲೆಯ ಇತಿಹಾಸದಲ್ಲಿ ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಆರಂಭಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಶಿಷ್ಯ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದರು. ಬ್ರಾಹ್ಮಣ ಯುವಕನ ಈ ನಿರ್ಧಾರ ಊರಿನಲ್ಲಿ ಕೋಲಾಹಲ ಎಬ್ಬಿಸಿತು. ಗುರುವಿನ ಹೆಸರನ್ನೇ ಧರಿಸಿದ ಅವರು ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿಯಾದರು.

ಮನೆ, ಆಸ್ತಿ, ಮೀಸಲಾತಿ

ಅಂದು ಧರ್ಮ ಬದಲಿಸಿದವರು ಪಿತ್ರಾರ್ಜಿತವನ್ನೂ ದಾಂಪತ್ಯವನ್ನೂ ಕಳೆದುಕೊಳ್ಳುವ ಸ್ಥಿತಿಯಿತ್ತು. 1850ರ ಕಾಯ್ದೆ ಆನುವಂಶಿಕ ಹಕ್ಕನ್ನು ರಕ್ಷಿಸಿತು. ಮತಾಂತರದ ಕಾರಣಕ್ಕೆ ಸಂಗಾತಿ ತೊರೆದರೆ ವಿವಾಹ ವಿಚ್ಛೇದನಕ್ಕೆ 1866ರ ಕಾಯ್ದೆ ದಾರಿ ಮಾಡಿತು.

ಸ್ವತಂತ್ರ ಭಾರತದಲ್ಲಿ ಪ್ರಶ್ನೆ ಮೀಸಲಾತಿಯದು. 1950ರ ರಾಷ್ಟ್ರಪತಿ ಆದೇಶದಡಿ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಇದನ್ನೇ ಎತ್ತಿಹಿಡಿಯಿತು. ಆಕೆಗೆ ದೀಕ್ಷೆಯಾದದ್ದು ಶೈಶವದಲ್ಲಿ. ಬಳಿಕವೂ ಆಕೆ ಚರ್ಚಿಗೆ ಹೋಗುತ್ತಿದ್ದುದನ್ನು ನ್ಯಾಯಾಲಯ ಗಮನಕ್ಕೆ ತೆಗೆದುಕೊಂಡಿತು.

ಕರ್ನಾಟಕದ 2022ರ ಕಾಯ್ದೆಯು ಮತಾಂತರಕ್ಕೆ 30 ದಿನ ಮೊದಲು ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿತು. ಅದನ್ನು ಹಿಂಪಡೆಯಲು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು.

ಹೀಗೆ ಗುರುಗಳ ಮುಂದೆ ನುಡಿದ ಒಂದು ಉತ್ತರ ಮನೆಯವರನ್ನೂ, ಸರಕಾರಿ ದಾಖಲೆಯನ್ನೂ ಮುಟ್ಟುತ್ತದೆ. ಆ ಉತ್ತರ ಯಾರ ಒತ್ತಾಯಕ್ಕೂ ಒಳಪಡದೆ ಬರಬೇಕೆಂಬ ವಿಷಯದಲ್ಲಿ ಸಭೆಗಳ ಬೋಧನೆಯೂ ಸಂವಿಧಾನದ 25ನೇ ವಿಧಿಯೂ ಒಂದೇ ಮಾತನ್ನು ಹೇಳುತ್ತವೆ.