ರೈಲಿನ ಸದ್ದು, ಮಾತಿನ ರಾಗ

ಉಗಿಬಂಡಿಯ ಓಟಕ್ಕೊಂದು ತಾಳವಿದೆಯೆಂಬುದು ಮಕ್ಕಳಿಗೂ ಗೊತ್ತು. 1923ರಲ್ಲಿ ಆರ್ತರ್ ಹೊನೆಗರ್ ‘ಪೆಸಿಫಿಕ್ 231’ ರಚಿಸಿದಾಗ ಆ ಓಟವನ್ನು ವಾದ್ಯವೃಂದದಿಂದಲೇ ನುಡಿಸಿದರು. ನಿಜವಾದ ರೈಲು ಅದರಲ್ಲಿಲ್ಲ.

ರೈಲನ್ನೇ ವಾದ್ಯವಾಗಿಸಿದವರು ಫ್ರೆಂಚ್ ರೇಡಿಯೊದ ಎಂಜಿನಿಯರ್ ಪಿಯರ್ ಶೆಫರ್. 1948ರಲ್ಲಿ ಪ್ಯಾರಿಸಿನ ಬಾತಿನ್ಯೋಲ್ ನಿಲ್ದಾಣದ ಎಂಜಿನುಗಳ ಸದ್ದನ್ನು ಹಿಡಿದು ತಂದು, ತುಂಡರಿಸಿ, ಮರುಜೋಡಿಸಿ ಸುಮಾರು 3 ನಿಮಿಷಗಳ ಕೃತಿಯೊಂದನ್ನು ಮಾಡಿದರು. ಆಗ ಅವರ ಕೈಯಲ್ಲಿದ್ದುದು ಟೇಪಲ್ಲ, ಧ್ವನಿಮುದ್ರಿಕೆಯ ತಟ್ಟೆ. ತಟ್ಟೆಯ ಗೀರು ತನ್ನನ್ನೇ ಸುತ್ತಿ ಬರುವಂತೆ ಮಾಡಿದರೆ ಮುಳ್ಳು ಅಲ್ಲೇ ತಿರುಗುತ್ತ ಅದೇ ಸದ್ದನ್ನು ಮತ್ತೆ ಮತ್ತೆ ಹೇಳುತ್ತದೆ. ಹಳೆಯ ಗ್ರಾಮಫೋನಿನ ಕಾಟ ಕಂಡವರಿಗೆ ಇದು ಹೊಸತಲ್ಲ. ಅದನ್ನೇ ವಿದ್ಯೆಯಾಗಿಸಿದ್ದು ಹೊಸತು. ಕೇಳುಗನು ರೈಲನ್ನು ಮರೆತು ಬರಿಯ ನಾದವನ್ನು ಕೇಳಬೇಕೆಂಬುದು ಶೆಫರರ ಹಂಬಲ. ಆದರೆ ಯುದ್ಧ ಮುಗಿದು 3 ವರ್ಷವಷ್ಟೇ ಆಗಿತ್ತು. ಯುರೋಪಿನ ಹಳಿಗಳ ಮೇಲೆ ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಲಾಗಿತ್ತು. ಅಂಥಲ್ಲಿ ರೈಲನ್ನು ಮರೆಯುವುದು ಎಲ್ಲರಿಗೂ ಸಾಧ್ಯವಿತ್ತೆ?

ಮರೆಯಬಾರದೆಂದು ಹೊರಟ ಕೃತಿ ಬಂದದ್ದು 40 ವರ್ಷಗಳ ಬಳಿಕ. ಅಮೆರಿಕದ ಸ್ಟೀವ್ ರೈಖ್ 1936ರಲ್ಲಿ ಹುಟ್ಟಿದ ಯಹೂದಿ. ತಂದೆತಾಯಿ ಬೇರೆಯಾದುದರಿಂದ 1939ರಿಂದ 1942ರ ವರೆಗೆ, ನೋಡಿಕೊಳ್ಳುತ್ತಿದ್ದ ವರ್ಜೀನಿಯಾ ಎಂಬಾಕೆಯ ಜೊತೆ ನ್ಯೂಯಾರ್ಕಿಗೂ ಲಾಸ್ ಏಂಜಲೀಸಿಗೂ ರೈಲಿನಲ್ಲಿ ಓಡಾಡಿದ ಹುಡುಗ. ಅದೇ ವರ್ಷಗಳಲ್ಲಿ ಯುರೋಪಿನಲ್ಲಿದ್ದಿದ್ದರೆ ತಾನು ಹತ್ತಬೇಕಾಗಿದ್ದ ರೈಲು ಬೇರೆಯೇ ಎಂಬ ಯೋಚನೆ ಅವರನ್ನು ಬಿಡಲಿಲ್ಲ. ಅದರ ಫಲವೇ 1988ರ ‘ಡಿಫರೆಂಟ್ ಟ್ರೇನ್ಸ್’.

ಕ್ರೋನೋಸ್ ಕ್ವಾರ್ಟೆಟ್ಟಿನ 4 ಮಂದಿ ಪಿಟೀಲು, ವಿಯೋಲಾ, ಚೆಲ್ಲೊಗಳನ್ನು ನುಡಿಸುವಾಗ ಟೇಪಿನಿಂದ ಹಳೆಯ ರೈಲುಗಳ ಸದ್ದು ಬರುತ್ತದೆ. ವರ್ಜೀನಿಯಾರ, ನಿವೃತ್ತ ರೈಲು ಪೋರ್ಟರ್ ಒಬ್ಬರ, ಶಿಬಿರಗಳಿಂದ ಉಳಿದು ಬಂದವರ ದನಿಗಳು ಬರುತ್ತವೆ. ಮಾತಿನ ತುಣುಕಿನಲ್ಲಿರುವ ಸ್ವರವನ್ನೇ ವಾದ್ಯ ಎತ್ತಿಕೊಳ್ಳುತ್ತದೆ: ಹೆಂಗಸರ ದನಿಗೆ ವಿಯೋಲಾ, ಗಂಡಸರ ದನಿಗೆ ಚೆಲ್ಲೊ. ಮಾತು ಬದಲಾದರೆ ಲಯವೂ ಬದಲಾಗಬೇಕು. ಸಂಗೀತಗಾರನ ಇಷ್ಟ ಅಲ್ಲಿ ನಡೆಯದು. ಗೋಡೆಯಾಚೆ ಮಾತಾಡುವವರು ಕನ್ನಡದವರೋ ಮಲೆಯಾಳದವರೋ ಎಂಬುದನ್ನು ಪದ ಕೇಳಿಸುವ ಮೊದಲೇ ರಾಗದಿಂದ ಗುರುತಿಸುವ ನಮ್ಮ ಕಾಸರಗೋಡಿನವರಿಗೆ ಈ ಮರ್ಮ ಬೇಗನೆ ತಿಳಿದೀತು.

ಮೊದಲ ಭಾಗದಲ್ಲಿ ಅಮೆರಿಕದ ರೈಲುಗಳ ಕೂಗು ನೀಳ, ಸುಸ್ವರ. ಎರಡನೆಯದರಲ್ಲಿ ಯುರೋಪಿನ ಎಂಜಿನುಗಳದು ಚುಟುಕಾದ ಕಿರುಚಾಟ; ಅದರೊಡನೆ ವಿಮಾನದಾಳಿಯ ಸೈರನ್ನು. ಸಂಕಟವನ್ನು ತಂತಿವಾದ್ಯಗಳಿಂದ ಇಂಪಾಗಿಸುವುದು ಸರಿಯೆ ಎಂಬ ಶಂಕೆ ನ್ಯಾಯವಾದದ್ದೇ. ಆದರೆ ಇಲ್ಲಿ ವಾದ್ಯವು ಅಳುವುದಿಲ್ಲ, ಸಾಕ್ಷಿಯ ಮಾತನ್ನು ಒಪ್ಪಿಸುತ್ತದೆ ಅಷ್ಟೆ. ಆದುದರಿಂದಲೇ ನನಗೆ ಶೆಫರರ ಜಾಣ್ಮೆಗಿಂತ ಇದು ಹಿರಿದೆನಿಸುತ್ತದೆ.

ಮೂರನೆಯ ಭಾಗದಲ್ಲಿ ಯುದ್ಧ ಮುಗಿದಿದೆ, ಉಳಿದವರು ಅಮೆರಿಕ ಸೇರಿದ್ದಾರೆ. ಕೊನೆಗೆ ಒಬ್ಬಾಕೆಯ ನೆನಪು: ಇಂಪಾದ ಕಂಠದ ಹುಡುಗಿಯೊಬ್ಬಳಿದ್ದಳು, ಅವಳ ಹಾಡು ಜರ್ಮನರಿಗೆ ಬಹಳ ಇಷ್ಟ, ನಿಲ್ಲಿಸಿದಾಗ ಇನ್ನೂ ಹಾಡೆಂದು ಕೇಳಿ, ಚಪ್ಪಾಳೆ ತಟ್ಟುತ್ತಿದ್ದರು.