ಕೇಬಲ್ ಇಲ್ಲದ ಮನೆಗೆ ಆಟ ಬಂದ ಬಗೆ



ಕಳೆದ ಚಳಿಗಾಲದಲ್ಲಿ ಗೋವಿನಕೋವಿಯ ನೆಂಟರ ಮನೆಯಲ್ಲಿ ಎರಡು ದಿನ ತಂಗಿದ್ದೆ. ಬೆಳಗಿನ ಆರು ಗಂಟೆಗೆ ಎಚ್ಚರವಾದಾಗ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಸದ್ದು ಕೇಳುತ್ತಿತ್ತು. ಜಗುಲಿಯ ಮೇಲೆ ಕಂಬಳಿ ಹೊದ್ದು ಕುಳಿತ ಮೊಮ್ಮಗನ ಕೈಯಲ್ಲಿ ಮೊಬೈಲು. ಗದರಿಸಬೇಕೆಂದೇ ಹತ್ತಿರ ಹೋದೆ. "ಅಜ್ಜಾ, ಅಮೆರಿಕದ ಬ್ಯಾಸ್ಕೆಟ್‌ಬಾಲ್. ಅಲ್ಲಿ ಇನ್ನೂ ನಿನ್ನೆಯ ರಾತ್ರಿ ಏಳೂವರೆ. ಈಗ ತಾನೇ ಶುರುವಾಯಿತು" ಎಂದ. ಆ ಮನೆಯಲ್ಲಿ ಕೇಬಲ್ ಇಲ್ಲ. ಅವನ ಸೋದರಮಾವ ಎನ್‌ಬಿಎ ಸಂಸ್ಥೆಯ 'ಲೀಗ್ ಪಾಸ್' ಎಂಬ ಸೇವೆಗೆ ಚಂದಾ ಕಟ್ಟಿದ್ದಾನಂತೆ. ನಾನೂ ಪಕ್ಕದಲ್ಲಿ ಕುಳಿತೆ.

ಈ ಆಟವನ್ನು ರೂಪಿಸಿದವರು ಒಬ್ಬ ಉಪಾಧ್ಯಾಯರು ಎಂಬುದು ನನ್ನಂಥವನಿಗೆ ಹೆಮ್ಮೆಯ ಸಂಗತಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ದೈಹಿಕ ಶಿಕ್ಷಕ ಜೇಮ್ಸ್ ನೈಸ್ಮಿತ್ ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಿಸಲೆಂದು ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಹೊಡೆಸಿ, ಹದಿಮೂರು ನಿಯಮಗಳನ್ನು ಬರೆದರು. ಇಂದಿನ ಎನ್‌ಬಿಎ ತನ್ನ ಮೊದಲ ಪಂದ್ಯವೆಂದು ಲೆಕ್ಕಕ್ಕೆ ಹಿಡಿಯುವುದು 1946ರ ನವೆಂಬರ್ 1ರಂದು ಟೊರಾಂಟೊದಲ್ಲಿ ನಡೆದದ್ದನ್ನು. ನ್ಯೂಯಾರ್ಕ್ ತಂಡ 68–66ರಿಂದ ಗೆದ್ದಿತು. ಸರಿಯಾಗಿ ಹತ್ತು ವರ್ಷಗಳ ನಂತರ ಅದೇ ದಿನ ನಮ್ಮ ರಾಜ್ಯ ಉದಯಿಸಿತು. 1981ರ ಅದೇ ದಿನವೇ ಬೆಂಗಳೂರು ದೂರದರ್ಶನ ಆರಂಭವಾಯಿತು.

ಅದಕ್ಕೂ ಮೊದಲು ನಮ್ಮ ಪಾಲಿಗೆ ನೇರ ಪ್ರಸಾರವೆಂದರೆ ರೇಡಿಯೊ ಒಂದೇ. 1974ರ ನವೆಂಬರಿನಲ್ಲಿ ಬೆಂಗಳೂರಿನ ಮೊಟ್ಟಮೊದಲ ಟೆಸ್ಟ್ ಪಂದ್ಯ ವೆಸ್ಟ್ ಇಂಡೀಸ್ ವಿರುದ್ಧ ನಡೆಯಿತು. ನನ್ನ ತರಗತಿಯ ಕೊನೆಯ ಬೆಂಚಿನ ಹುಡುಗನೊಬ್ಬ ಟವಲಿನಲ್ಲಿ ಸುತ್ತಿದ ಟ್ರಾನ್ಸಿಸ್ಟರನ್ನು ಕಿವಿಗೊತ್ತಿ ಕುಳಿತಿದ್ದ. ಇಂಗ್ಲಿಷ್ ವೀಕ್ಷಕ ವಿವರಣೆಯಲ್ಲಿ ಅವನಿಗೆ ತಿಳಿಯುತ್ತಿದ್ದುದು ಒಂದೇ ಮಾತು: ನೆರೆಯ ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥರ ಹೆಸರು. ನಾನು ಅದನ್ನು ಕಿತ್ತುಕೊಂಡು, ಸಂಜೆ ಶಾಲೆ ಬಿಟ್ಟ ಮೇಲೆ ಹಿಂದಿರುಗಿಸಿದೆ. ಅಷ್ಟು ಹೊತ್ತಿಗೆ ದಿನದ ಆಟ ಮುಗಿದಿತ್ತು. ಅವನು ಏನೂ ಹೇಳಲಿಲ್ಲ.

1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಿತು; ಆ ವರ್ಷದ ದೆಹಲಿ ಏಷ್ಯನ್ ಕ್ರೀಡಾಕೂಟ ಅದಕ್ಕೆ ನೆಪವಾಯಿತು. ಮುಂದೆ ಹಳ್ಳಿಗಳಲ್ಲೂ ಹೆಂಚಿನ ಮೇಲೆ ಆಂಟೆನಾಗಳು ಎದ್ದವು. ಒಬ್ಬ ಮೇಲೆ ಹತ್ತಿ ತಿರುಗಿಸುವುದು, ಇನ್ನೊಬ್ಬ ಒಳಗಿಂದ "ಬಂತು, ಬಂತು, ಹೋಯ್ತು" ಎಂದು ಕೂಗುವುದು ನಿಮಗೆಲ್ಲ ನೆನಪಿರಬಹುದು. ತೊಂಬತ್ತರ ದಶಕದಲ್ಲಿ ಕೇಬಲ್ ಬಂದಿತು. ಆಟವನ್ನು ನೋಡಲು ತಿಂಗಳ ಹಣ ಕಟ್ಟುವುದು ರೂಢಿಯಾಯಿತು.

ಆಗಲೇ ಒಂದು ದೊಡ್ಡ ಪ್ರಶ್ನೆ ಎದ್ದಿತು: ಆಟದ ಪ್ರಸಾರ ಯಾರ ಸ್ವತ್ತು? 1993ರ ಹೀರೋ ಕಪ್ ಕ್ರಿಕೆಟ್ ಪಂದ್ಯಗಳ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ ತೀರ್ಪಿತ್ತು, ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸಾರಿತು. 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಡಿಶ್ ಸೇವೆ ಆರಂಭವಾಯಿತು. ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂಬ ಕಾನೂನು 2007ರಲ್ಲಿ ಬಂದಿತು. ಹೀಗೆ ಪಡೆದ ಪ್ರಸಾರವು ದೂರದರ್ಶನದ ಆಂಟೆನಾ ಮತ್ತು ಉಚಿತ ಡಿಶ್ ವೀಕ್ಷಕರಿಗಷ್ಟೇ ಸಲ್ಲತಕ್ಕದ್ದು, ಕೇಬಲ್ಲಿನವರಿಗಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕೇಬಲ್ ಇಲ್ಲದ ಬಡಮನೆಗೂ ಒಂದು ಹಕ್ಕಿದೆ ಎಂಬುದೇ ಇದರ ತಿರುಳು.

ಆದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ನಮ್ಮ ರಾಷ್ಟ್ರೀಯ ಮಹತ್ವದ ಪಟ್ಟಿಗೆ ಸೇರಲಾರದು. ಅದರ ಆಸಕ್ತರಿಗೆ ಅಂತರ್ಜಾಲವೇ ದಾರಿಯಾಯಿತು. 2010ರಲ್ಲಿ ಐಪಿಎಲ್ ಪಂದ್ಯಗಳು ಯೂಟ್ಯೂಬಿನಲ್ಲಿ ನೇರವಾಗಿ ಬಂದವು. 2016ರ ನಂತರ ಮೊಬೈಲ್ ಡೇಟಾ ಅಗ್ಗವಾಗಿ ಹಳ್ಳಿಯ ಜಗುಲಿಗೂ ಆಟ ತಲುಪಿತು. 2019ರ ಅಕ್ಟೋಬರ್ 4ರಂದು ಎನ್‌ಬಿಎ ತಂಡಗಳೇ ಮುಂಬಯಿಗೆ ಬಂದು ಆಡಿದವು. ಇಂಡಿಯಾನಾ ತಂಡ ಸ್ಯಾಕ್ರಮೆಂಟೊವನ್ನು ಹೆಚ್ಚುವರಿ ಅವಧಿಯಲ್ಲಿ 132–131ರಿಂದ ಸೋಲಿಸಿದ ಆ ಪಂದ್ಯವನ್ನು ನೋಡಿದವರಲ್ಲಿ ಸುಮಾರು ಮೂರು ಸಾವಿರ ಮಂದಿ ಶಾಲಾಮಕ್ಕಳು.

ದುಡ್ಡಿಲ್ಲದೆ ಕದ್ದು ತೋರಿಸುವ ತಾಣಗಳೂ ಇವೆಯೆಂದು ಮೊಮ್ಮಗ ಹೇಳಿದ. ಅವುಗಳ ಗೊಡವೆ ಬೇಡವೆಂದೆ. ಸಾರ್ವಜನಿಕರ ಹಕ್ಕು ಬೇರೆ, ಕಳವು ಬೇರೆ.

ಆ ಬೆಳಗ್ಗೆ ಚಿತ್ರ ಆಗಾಗ ನಿಂತುಬಿಡುತ್ತಿತ್ತು. ಕೊನೆಯ ನಿಮಿಷದಲ್ಲಿ ನಿಂತಾಗ ಹುಡುಗ ಮೊಬೈಲನ್ನು ಎತ್ತಿ ಹಿಡಿದು ಅಂಗಳಕ್ಕೆ ಓಡಿದ. ನನಗೆ ಹೆಂಚಿನ ಮೇಲಿನ ಆಂಟೆನಾ ನೆನಪಾಯಿತು. ಫಲಿತಾಂಶವನ್ನು ಮರುದಿನ ಪತ್ರಿಕೆಯಲ್ಲಿ ಓದಬಹುದು. ಆದರೆ ಆಟ ನಡೆಯುತ್ತಿರುವಾಗಲೇ ಅದರೊಡನೆ ಇರುವ ಗಳಿಗೆಯನ್ನು ಯಾರೂ ಹಿಂದಿರುಗಿಸಲಾರರು. 1974ರಲ್ಲಿ ನಾನು ಹಿಂದಿರುಗಿಸಿದ್ದು ಟ್ರಾನ್ಸಿಸ್ಟರನ್ನು ಮಾತ್ರ.

ಆ ಹುಡುಗನಿಗೂ ಈಗ ಅರವತ್ತು ದಾಟಿರಬೇಕು. ಇದನ್ನು ಓದುತ್ತಿದ್ದರೆ, ಅಪ್ಪಾ, ತರಗತಿಯ ಶಿಸ್ತನ್ನು ನಾನು ಈಗಲೂ ಬಿಟ್ಟುಕೊಡಲಾರೆ. ಆದರೆ ವಿಶ್ವನಾಥ್ ಔಟಾಗುವವರೆಗಾದರೂ ಕಾಯಬಹುದಿತ್ತು.